ತಗ್ಗು ಕಾರಿನಡಿ ಜ್ಯಾಕ್ ತೂರದಿದ್ದಾಗ

ತೊಂದರೆ ಇದ್ದದ್ದು ಜ್ಯಾಕ್ ಎತ್ತಬಲ್ಲ ಟನ್ನಿನಲ್ಲಲ್ಲ, ಅದರ ಎತ್ತರದಲ್ಲಿ. 2 ಟನ್ನಿನ ಮಾಮೂಲಿ ಟ್ರಾಲಿ ಜ್ಯಾಕ್ (ಗಾಲಿಗಳ ಮೇಲೆ ಓಡಾಡುವ ಜ್ಯಾಕ್) ಪೂರ್ತಿ ಇಳಿಸಿದರೂ ತಲೆ 135 ಮಿ.ಮೀ. ಎತ್ತರ; ಬಾಗಿಲ ಕೆಳಗಿನ ಎತ್ತುವ ಅಂಚು ನೆಲದಿಂದ ಬರೀ 120. ಪಂಕ್ಚರ್ ಆದರೆ ಇನ್ನೂ ಕುಸಿಯುತ್ತದಲ್ಲ, ಟೈರಿನ ಗಾಳಿ ಬಿಟ್ಟು ಅಳೆದರೆ 90. ಅದೇ ಲೆಕ್ಕ ಹಿಡಿಯಬೇಕು. 75ಕ್ಕೆ ಇಳಿಯುವ ಲೋ-ಪ್ರೊಫೈಲ್ ಜ್ಯಾಕ್ ತಂದು, ಮೇಲೆ ಅಂಚು ಕೂರುವಂತೆ ಸೀಳಿರುವ 10 ಮಿ.ಮೀ. ರಬ್ಬರ್ ಇಟ್ಟರೂ 5 ಮಿ.ಮೀ. ಉಳಿಯಿತು. ರಬ್ಬರ್ ಇಲ್ಲದಿದ್ದರೆ ಅಂಚಿನ ತಗಡು ಮಡಚಿಕೊಳ್ಳುತ್ತದೆ.

ತಲೆ ಕಮಾನಿನಂತೆ ಏರುವುದರಿಂದ ಎತ್ತುವಾಗ ಜ್ಯಾಕ್ ತನ್ನ ಗಾಲಿಗಳ ಮೇಲೆ ತುಸು ಸರಿಯಲೇಬೇಕು. ದಾವಣಗೆರೆಯ ಬಿಸಿಲಿಗೆ ಮೆತ್ತಗಾದ ಟಾರಿನಲ್ಲಿ, ಮಣ್ಣಂಗಳದಲ್ಲಿ ಗಾಲಿ ಹೂತು ತಲೆ ಜಾರುತ್ತದೆ. ಗಟ್ಟಿ ಕಾಂಕ್ರೀಟೇ ಆಗಬೇಕು. ನೆಲದಲ್ಲಿರುವ ಚಕ್ರಗಳಿಗೆ ಕಲ್ಲು ಕೊಟ್ಟು, ಎತ್ತಿದ ಕೂಡಲೇ ಕಾರಿನ ಭಾರ ಹೊರುವ ಜ್ಯಾಕ್ ಸ್ಟ್ಯಾಂಡ್ ಇಡಿ.

ಹೊಸ ಜ್ಯಾಕ್ ಸರಿಯಾಗಿ ಏರದಿದ್ದರೆ ಅದರೊಳಗಿನ ಎಣ್ಣೆಯಲ್ಲಿ ಗಾಳಿ ಸೇರಿರಬಹುದು. ಭಾರವಿಲ್ಲದೆ, ಜ್ಯಾಕ್ ಇಳಿಸುವ ರಿಲೀಸ್ ಸ್ಕ್ರೂ ಸಡಿಲಿಸಿ ಹತ್ತು ಸಲ ಪಂಪ್ ಮಾಡಿ, ಸ್ಕ್ರೂ ಬಿಗಿ ಮಾಡಿ.