ನೋಟಿಸ್ ಮುಗಿಸದೆ ದುಬೈ ಬಿಟ್ಟು ಬಂದದ್ದು

ಜುಲೈ ಮೊದಲ ವಾರ. ಹಾವಸೆ ಹಿಡಿದ ಅಂಗಳದಲ್ಲಿ ಅಮ್ಮ ಜಾರಿ ಬಿದ್ದರು. ಸೊಂಟದ ಮೂಳೆ ಮುರಿದಿತ್ತು. ಅಕ್ಕ, ಭಾವ ಸೇರಿ ಮಣಿಪಾಲದಲ್ಲಿ ಆಪರೇಶನ್ ಮಾಡಿಸಿದರು. ಆದರೆ ಅಕ್ಕ ಇರುವುದು ಸುರತ್ಕಲ್‌ನಲ್ಲಿ, ನಮ್ಮ ಮನೆ ಕಾಪುವಿನಲ್ಲಿ. ಎಷ್ಟು ದಿನ ಅಂತ ಓಡಾಡಿಯಾರು? ನಾನು ದುಬೈಯ ಒಂದು ಟ್ರೇಡಿಂಗ್ ಕಂಪೆನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಸೇರಿ ಆರು ವರ್ಷ. ಕಾಂಟ್ರ್ಯಾಕ್ಟಿನಲ್ಲಿ ನೋಟಿಸ್ 60 ದಿನ, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಅಷ್ಟು ದಿನ ಕೆಲಸ ಮಾಡಬೇಕು.

ರೂಮಿನವರು ಹೇಳಿದ್ದು ಒಂದೇ ಮಾತು: "ಎಮರ್ಜೆನ್ಸಿ ಲೀವ್ ಹಾಕಿ ಹೋಗು ಮಾರಾಯ, ಮತ್ತೆ ಬರಬೇಡ."

ಹಾಗೆ ಹೋದವರು ಬೇಕಾದಷ್ಟು ಜನ ಇದ್ದಾರೆ. ನನಗೆ ಧೈರ್ಯ ಬರಲಿಲ್ಲ. ಅಲ್ಲಿ ಹೇಳದೆ ಕೇಳದೆ ಸತತ ಏಳು ದಿನಕ್ಕಿಂತ ಜಾಸ್ತಿ ಕೆಲಸಕ್ಕೆ ಬಾರದಿದ್ದರೆ ಕಂಪೆನಿ ಅಬ್‌ಸ್ಕಾಂಡಿಂಗ್, ಅಂದರೆ ಪರಾರಿ ಅಂತ ದೂರು ಕೊಡಬಹುದು. ಆಮೇಲೆ ಒಂದು ವರ್ಷ ಬೇರೆ ವರ್ಕ್ ಪರ್ಮಿಟ್ ಸಿಗುವುದಿಲ್ಲ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಕೇಳಲು ಊರಿನಿಂದ ಫೋನ್ ಮಾಡುತ್ತಾ ಕೂರಬೇಕು, ಅಷ್ಟೆ.

ಎರಡು ರಾತ್ರಿ ಕೂತು ಅಲ್ಲಿಯ ಕಾರ್ಮಿಕ ಕಾನೂನು ಓದಿದೆ. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದದ್ದು. ನೋಟಿಸ್ ಪೂರ್ತಿ ಮಾಡದೆ ಬಿಟ್ಟರೆ ಅದು ಅಪರಾಧವೇನಲ್ಲ, ಉಳಿದ ದಿನಗಳ ಸಂಬಳ ಕಟ್ಟಿಕೊಡಬೇಕು. ಎರಡೂ ಕಡೆಯವರು ಒಪ್ಪಿದರೆ ದಿನ ಕಡಿಮೆಯೂ ಮಾಡಬಹುದು. ನಾನು ಹಿಡಿದದ್ದು ಈ ಎರಡನೆಯ ದಾರಿ.

ಲೆಕ್ಕ ಹೀಗಿತ್ತು. ತಿಂಗಳಿಗೆ ಬೇಸಿಕ್ ಸಂಬಳ 3,000 ದಿರ್ಹಂ, ಅಲೊವೆನ್ಸ್ ಎಲ್ಲ ಸೇರಿ 5,000. ಗ್ರಾಚ್ಯುಟಿ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್‌ನಂತೆ, ಆಮೇಲೆ 30 ದಿನದಂತೆ. ಒಟ್ಟು 135 ದಿನ, ಅಂದರೆ 13,500 ದಿರ್ಹಂ. ಇಲ್ಲೊಂದು ಚಮತ್ಕಾರ ಇದೆ ನೋಡಿ. ನಮಗೆ ಕೊಡುವ ಗ್ರಾಚ್ಯುಟಿ ಬೇಸಿಕ್ ಮೇಲೆ. ನಾವು ಕೊಡುವ ನೋಟಿಸ್ ಹಣ ಮಾತ್ರ ಪೂರ್ತಿ ಸಂಬಳದ ಮೇಲೆ! 60 ದಿನವೂ ಕಟ್ಟಿದರೆ 10,000 ಹೋಗುತ್ತಿತ್ತು.

ನನ್ನ ಕೈಯಲ್ಲಿ ಇದ್ದದ್ದು ಒಂದೇ ಒಂದು ಅಸ್ತ್ರ. ಜೂನ್‌ಗೆ ಮುಗಿದ ಮೂರು ತಿಂಗಳ ವ್ಯಾಟ್ ರಿಟರ್ನ್ ಜುಲೈ 28ರೊಳಗೆ ಹೋಗಬೇಕಿತ್ತು. ಬಿಲ್ಲುಗಳ ತಲೆಬುಡ ನನಗೆ ಮಾತ್ರ ಗೊತ್ತು. ಮ್ಯಾನೇಜರ್ ಹತ್ತಿರ ನೇರ ಹೇಳಿದೆ, "ಸಾರ್, 15 ದಿನ ಇರುತ್ತೇನೆ. ರಿಟರ್ನ್ ಮುಗಿಸಿ, ಬರುವ ಹುಡುಗನಿಗೆ ಎಲ್ಲ ತೋರಿಸಿ ಹೋಗುತ್ತೇನೆ. ಉಳಿದ 45 ದಿನ ಬಿಟ್ಟುಬಿಡಿ." ಅವರು ಮೊದಲು ಗರಂ ಆದರು. ಮರುದಿನ ಕರೆದು 15 ದಿನ ಬಿಡುತ್ತೇವೆ, 30 ದಿನದ ಸಂಬಳ ಹಿಡಿಯುತ್ತೇವೆ ಅಂದರು. 5,000 ದಿರ್ಹಂ. ಒಪ್ಪಿದೆ. ಬಾಯಿಮಾತಿಗೆ ಬಿಡದೆ, ರಾಜೀನಾಮೆಗೆ ಉತ್ತರವಾಗಿ ಇಮೇಲ್‌ನಲ್ಲೇ ಬರೆಸಿಕೊಂಡೆ.

ಕೊನೆಯಲ್ಲಿ ಸಣ್ಣ ಕಿರಿಕಿರಿ. ವೀಸಾ ಕ್ಯಾನ್ಸಲ್ ಮಾಡುವಾಗ ಕಂಪೆನಿಯ ವೀಸಾ ಕಾಗದಪತ್ರ ನೋಡುವ ಪಿಆರ್‌ಓ ಒಂದು ಹಾಳೆ ಮುಂದಿಟ್ಟ. ನನಗೆ ಬರಬೇಕಾದ್ದೆಲ್ಲ ಬಂದಿದೆ ಅಂತ ಅದರಲ್ಲಿ ಬರೆದಿತ್ತು. ಒಂದು ದಿರ್ಹಂ ಕೂಡ ಬಂದಿರಲಿಲ್ಲ! "ಎಲ್ಲರೂ ಹೀಗೇ ಸೈನ್ ಮಾಡ್ತಾರೆ" ಅಂದ. ಗ್ರಾಚ್ಯುಟಿ, ಬಾಕಿ ರಜೆಯ 2,000, ಕಡಿತ ಎಲ್ಲವನ್ನೂ ಬಿಡಿಬಿಡಿಯಾಗಿ ಬರೆದು, ಯಾವಾಗ ಕೊಡುತ್ತೇವೆ ಅಂತ ಸೀಲ್ ಹಾಕಿದ ಪತ್ರ ಕೈಗೆ ಬಂದ ಮೇಲೆಯೇ ನಾನು ಸೈನ್ ಮಾಡಿದ್ದು. ಇದಕ್ಕೆ ಅರ್ಧ ದಿನ ಕಾದೆ. ಕೆಲಸ ಮುಗಿದ 14 ದಿನದೊಳಗೆ ಹಣ ಕೊಡಬೇಕು ಅಂತ ಕಾನೂನಿದೆ. ಕ್ರೆಡಿಟ್ ಕಾರ್ಡ್ ಬಾಕಿ ಮೊದಲೇ ತೀರಿಸಿದ್ದೆ. ಇಲ್ಲದಿದ್ದರೆ ಸೆಟ್ಲ್‌ಮೆಂಟ್ ಬಿದ್ದ ಕೂಡಲೇ ಬ್ಯಾಂಕಿನವರು ಖಾತೆ ಹಿಡಿದಿಡುವುದುಂಟು.

ಕಂಪೆನಿ ವಿಮಾನದ ಟಿಕೆಟ್ ಕೊಡಲಿಲ್ಲ. ಅದಕ್ಕೂ ಜಗಳ ಮಾಡುವಷ್ಟು ಪುರುಸೊತ್ತು ಇರಲಿಲ್ಲ. ಜುಲೈ 28ರ ರಾತ್ರಿ ವಿಮಾನ ಹತ್ತಿದೆ. ಬೆಳಿಗ್ಗೆ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಜಡಿಮಳೆ. ಹಣ ಬಂದದ್ದು ಹನ್ನೆರಡನೆಯ ದಿನ, 10,500 ದಿರ್ಹಂ. ಅಷ್ಟರಲ್ಲಿ ಅಮ್ಮ ವಾಕರ್ ಹಿಡಿದು ಜಗಲಿವರೆಗೆ ಬರುತ್ತಿದ್ದರು. ನಾನು ಅಂಗಳದ ಹಾವಸೆ ಕೆರೆದು ಬ್ಲೀಚಿಂಗ್ ಪುಡಿ ಹಾಕಿದ್ದೆ.