ಎರಡು ಹೊತ್ತು ಕರೆಯಬೇಕಾ, ಮೂರು ಹೊತ್ತಾ? ಕೆಚ್ಚಲು ನೋಡಿ ತೀರ್ಮಾನಿಸಿ

ದಿನಕ್ಕೆ ಹತ್ತು ಲೀಟರ್ ಆಸುಪಾಸು ಕೊಡುವ ಹಸುವಿಗೆ ಎರಡು ಹೊತ್ತು ಧಾರಾಳ ಸಾಕು. ಮೂರನೇ ಸಲ ಕೂತರೆ ಸುಮ್ನೆ ಸೊಂಟ ನೋವು. ಇಪ್ಪತ್ತು ಲೀಟರ್ ದಾಟಿದ ಎಚ್‌.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯಾದರೆ ಲೆಕ್ಕ ಬೇರೆ. ಕರು ಹಾಕಿದ ಮೊದಲ ಕೆಲವು ತಿಂಗಳು ಮೂರು ಹೊತ್ತು ಕರೆದರೆ ಹಾಲೂ ಜಾಸ್ತಿ, ಕೆಚ್ಚಲಿಗೂ ಹಗುರ.

ಆದರೆ ಎಷ್ಟು ಸಲ ಅನ್ನುವುದಕ್ಕಿಂತ ನಡುವೆ ಎಷ್ಟು ಗಂಟೆ ಅನ್ನುವುದನ್ನು ಮೊದಲು ನೋಡಿ. ಎಷ್ಟೋ ಮನೆಗಳಲ್ಲಿ ಬೆಳಗ್ಗೆ 6ಕ್ಕೆ ಕರೆದರೆ, ಡೈರಿಗೆ ಹಾಕುವ ಅವಸರಕ್ಕೆ ಮಧ್ಯಾಹ್ನ 3:30ಕ್ಕೇ ಮತ್ತೆ ಕರೆಯುತ್ತಾರೆ. ಆಮೇಲೆ ಹದಿನಾಲ್ಕೂವರೆ ಗಂಟೆ ಹಾಲು ಕೆಚ್ಚಲಲ್ಲೇ ತುಂಬಿಕೊಳ್ಳುತ್ತದೆ. ಒಳಗೆ ಒತ್ತಡ ಏರಿದಷ್ಟೂ ಹಾಲು ಊರುವುದು ನಿಧಾನವಾಗುತ್ತದೆ, ಜಾಸ್ತಿ ಹಾಲಿನ ಹಸುವಾದರೆ ಮಲಗಿದಲ್ಲೇ ತೊಟ್ಟಿನಿಂದ ಸೋರಲು ಶುರುವಾಗುತ್ತದೆ, ಸೋರುವ ತೊಟ್ಟಿಗೆ ಕೆಳಗಿನ ಸಗಣಿ ಗಂಜಲದ ರೋಗಾಣು ನುಗ್ಗುವುದಕ್ಕೆ ಎಷ್ಟು ಹೊತ್ತು ಬೇಕು? ಕೆಚ್ಚಲು ಬಾವು ಬರುವ ದಾರಿಗಳಲ್ಲಿ ಇದೂ ಒಂದು. ಸಂಜೆಯದನ್ನು 5ಕ್ಕೆ ತಳ್ಳಿ, 11-13 ಗಂಟೆಯ ಅಂತರ ಆಗುತ್ತದೆ. ಮೂರು ಹೊತ್ತಾದರೆ ಬೆಳಗ್ಗೆ 5, ಮಧ್ಯಾಹ್ನ 1, ರಾತ್ರಿ 9 ಗಂಟೆ ಸರಿ. ಮಧ್ಯಾಹ್ನದ ಹಾಲನ್ನು ಯಾರು ಕೊಳ್ಳುತ್ತಾರೆ, ಎಲ್ಲಿ ತಣ್ಣಗಿಡುತ್ತೀರಿ ಅನ್ನುವುದನ್ನು ಮೊದಲೇ ಯೋಚಿಸಿ.

ಇನ್ನೊಂದು ಮಾತು. ಪ್ರತಿ ಸಲ ಕರೆದಾಗಲೂ ತೊಟ್ಟಿನ ತೂತು ತೆರೆದುಕೊಳ್ಳುತ್ತದೆ, ಪೂರ್ತಿ ಮುಚ್ಚಲು ಅರ್ಧ ಗಂಟೆಯಾದರೂ ಬೇಕು. ಹಾಗಾಗಿ ಕೊಳಕು ಕೈಯಲ್ಲಿ ಮೂರು ಹೊತ್ತು ಕರೆಯುವುದಕ್ಕಿಂತ ಶುದ್ಧವಾಗಿ ಎರಡು ಹೊತ್ತೇ ವಾಸಿ.

ಕರೆಯುವಾಗ ಹೀಗೆ ಮಾಡಿ: ಕೈ ತೊಳೆದುಕೊಳ್ಳಿ, ತೊಟ್ಟು ತೊಳೆದು ಒಣ ಬಟ್ಟೆಯಲ್ಲಿ ಒರೆಸಿ, ಒಂದು ಹಸುವಿಗೆ ಒರೆಸಿದ ಬಟ್ಟೆ ಇನ್ನೊಂದಕ್ಕೆ ಬೇಡ. ಮೊದಲ ಮೂರು ನಾಲ್ಕು ಧಾರೆ ಕಪ್ಪು ತಟ್ಟೆಗೆ ಬಿಟ್ಟು ನೋಡಿ. ಬಿಳಿ ಚೂರು, ನೀರು ನೀರಾದ ಹಾಲು, ರಕ್ತದ ಎಳೆ ಕಂಡರೆ ಅದು ಬಾವಿನ ಗುರುತು. ಹಸು ಹಾಲು ಇಳಿಸಿದ ಮೇಲೆ ಐದರಿಂದ ಏಳು ನಿಮಿಷವಷ್ಟೇ ಸರಾಗವಾಗಿ ಬರುತ್ತದೆ. ಮಧ್ಯೆ ಫೋನ್ ಬಂದರೂ ಏಳಬೇಡಿ. ಹೆಬ್ಬೆರಳು ಮಡಚಿ ಎಳೆಯದೆ ಇಡೀ ಮುಷ್ಟಿಯಲ್ಲಿ ಹಿಂಡಿ, ತೊಟ್ಟಿಗೆ ಪೆಟ್ಟಾಗುವುದಿಲ್ಲ. ಮುಗಿದ ಕೂಡಲೇ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಮುಂದೆ ಹಸಿರು ಮೇವು ಹಾಕಿ. ತಿನ್ನುತ್ತಾ ಅರ್ಧ ಗಂಟೆ ನಿಂತಿರುತ್ತದೆ ಅಲ್ವಾ, ತೊಟ್ಟಿನ ತೂತು ಮುಚ್ಚುವವರೆಗೆ ಮಲಗದಿರಲು ಅಷ್ಟೇ ಬೇಕಾಗಿರುವುದು.

ಬಾವು ಬಂದ ಹಸುವನ್ನು ಕೊನೆಗೆ ಕರೆಯಿರಿ, ಅದರಲ್ಲೂ ಕೆಟ್ಟ ತೊಟ್ಟನ್ನು ಎಲ್ಲಕ್ಕಿಂತ ಕೊನೆಗೆ. ಆ ಹಾಲನ್ನು ಕೊಟ್ಟಿಗೆ ನೆಲಕ್ಕೆ ಹಿಂಡಬೇಡಿ. ಅದೇ ದಿನ ಡಾಕ್ಟರಿಗೆ ತೋರಿಸಿ, ಔಷಧಿ ಕೊಟ್ಟಿದ್ದರೆ ಅವರು ಹೇಳಿದಷ್ಟು ದಿನ ಡೈರಿಗೆ ಹಾಕಬೇಡಿ.

ಕರು ಹಾಕಲು ಎರಡು ತಿಂಗಳಿರುವಾಗ ಹಿಂಡಿ-ಬೂಸಾ ಕಡಿಮೆ ಮಾಡಿ ಹಾಲು ಬತ್ತಿಸಿ. ತೊಟ್ಟಿಗೆ ಹಾಕುವ ಔಷಧಿ ಬೇಕಾ ಅಂತ ಡಾಕ್ಟರನ್ನು ಕೇಳಿ. ಕರೆಯುವುದನ್ನು ನಿಲ್ಲಿಸಿದ ಮೇಲೆ ಕೆಚ್ಚಲು ಕೆಲವು ದಿನ ಬಿಗಿಯಾಗಿ ಕಾಣುತ್ತದೆ. ಬಿಸಿ, ನೋವು, ಕೆಂಪು ಇಲ್ಲದಿದ್ದರೆ ಒಂದ್ಸಲ ಹಿಂಡಿ ನೋಡೋಣ ಅಂತ ಕೈ ಹಾಕಬೇಡಿ.