ಪಾಲಿ ಬಂದಳು, ಮೇರಿ ಎಲ್ಲಿ ಹೋದಳು?

ನಾನು ಇಂಗ್ಲೆಂಡಿಗೆ ಬಂದು ಹಲವು ವರ್ಷ ಆಯಿತು. ಶನಿವಾರ, ಭಾನುವಾರ ಇಲ್ಲಿನ ಹಳ್ಳಿ ಚರ್ಚುಗಳ ಹಳೆಯ ರಿಜಿಸ್ಟರುಗಳ ಫೋಟೊ ನೋಡಿಕೊಂಡು ಹೆಸರುಗಳನ್ನು ಕಂಪ್ಯೂಟರಿಗೆ ಟೈಪ್ ಮಾಡುತ್ತೇನೆ. ಸಂಬಳ ಇಲ್ಲ, ಇಷ್ಟಪಟ್ಟು ಮಾಡುವ ಕೆಲಸ. ದೀಕ್ಷಾಸ್ನಾನ (ಮಗುವನ್ನು ಚರ್ಚಿಗೆ ಸೇರಿಸುವ ಶಾಸ್ತ್ರ), ಮದುವೆ, ಸಮಾಧಿ, ಈ ಮೂರನ್ನೂ ಪ್ರತಿ ಚರ್ಚು ಬರೆದಿಡಬೇಕು ಅಂತ 1538ರಲ್ಲಿ ರಾಜ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಮಾಡಿದ. ಎಷ್ಟೋ ಬಡವರ ಹೆಸರು ಇವತ್ತಿಗೂ ಉಳಿದಿರುವುದು ಆ ಪುಟಗಳಲ್ಲಿ ಮಾತ್ರ.

ಶುರುವಿನಲ್ಲಿ ನಾನೊಂದು ತಪ್ಪು ಮಾಡಿದೆ. ಸಫೋಕ್‌ನ ಒಂದು ಹಳ್ಳಿ. 1788ರಲ್ಲಿ ವಿಲಿಯಂ, ಮೇರಿ ಮದುವೆ ಆಗಿದ್ದಾರೆ. ಮೇರಿಗೆ ಬರೆಯಲು ಬರುತ್ತಿರಲಿಲ್ಲ. ಸಹಿಯ ಜಾಗದಲ್ಲಿ ನಡುಗುವ ಕೈಯಲ್ಲಿ ಎಳೆದ ಒಂದು ಕತ್ತರಿ ಗುರುತು. 1789, 1791, 1794ರಲ್ಲಿ ಮಕ್ಕಳ ದೀಕ್ಷಾಸ್ನಾನ, ತಾಯಿ ಮೇರಿ. 1797ರಲ್ಲಿ ಮತ್ತೊಂದು ಮಗು, ತಾಯಿಯ ಹೆಸರು ಪಾಲಿ. 1800ರಲ್ಲೂ ಪಾಲಿ. ಮೇರಿ ತೀರಿಕೊಂಡಿದ್ದಾಳೆ, ವಿಲಿಯಂ ಎರಡನೇ ಮದುವೆ ಆಗಿದ್ದಾನೆ ಅಂತ ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಆದರೆ ಮೇರಿಯ ಸಮಾಧಿಯ ನಮೂದು ಸಿಗಲಿಲ್ಲ. ಪಾಲಿಯ ಮದುವೆಯದೂ ಇಲ್ಲ. 1803ರಲ್ಲಿ ಇನ್ನೊಂದು ಮಗು ಹುಟ್ಟಿದಾಗ ತಾಯಿ ಮತ್ತೆ ಮೇರಿ! ಆಮೇಲೆ ಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಪಾಲಿ ಅಂತ ಇರುವ ಎರಡು ನಮೂದುಗಳ ಕೈಬರಹವೇ ಬೇರೆ. ಆ ಕೆಲವು ವರ್ಷ ಅಲ್ಲಿದ್ದ ಪಾದ್ರಿ ಬೇರೆಯವರು. ಜನ ಆಕೆಯನ್ನು ಹೇಗೆ ಕರೆಯುತ್ತಿದ್ದರೋ ಹಾಗೇ ಅವರು ಬರೆದಿದ್ದಾರೆ. ಪಾಲಿ ಅಂದ್ರೆ ಮೇರಿಯೇ. ಬದುಕಿದ್ದ ಹೆಂಗಸನ್ನು ನಾನು ಸಾಯಿಸಿಬಿಟ್ಟಿದ್ದೆ. ಅವತ್ತು ನನಗೆ ನಿಜಕ್ಕೂ ಬೇಜಾರಾಯಿತು.

ಅಂದಿನಿಂದ ಈ ಕರೆಯೋ ಹೆಸರುಗಳನ್ನು ಕಣ್ಣಲ್ಲಿ ಓದುವುದು ಬಿಟ್ಟು ಬಾಯಲ್ಲಿ ಹೇಳಿ ನೋಡಲು ಶುರು ಮಾಡಿದೆ. ಮೇರಿ, ಮಾಲಿ, ಪಾಲಿ. ಮೊದಲು 'ರ' ಹೋಗಿ 'ಲ' ಬಂತು, ಆಮೇಲೆ ಮೊದಲಕ್ಷರ ಬದಲಾಯಿತು. ಪುಟ್ಟ ಮಕ್ಕಳು 'ರ' ಹೇಳಲಾರದೆ 'ಲ' ಅನ್ನುವುದನ್ನು ಕೇಳಿದ್ದೀವಲ್ಲ, ಅದೇ ದಾರಿ. ಸಾರಾ ಸ್ಯಾಲಿ ಆದಳು, ಡೊರೊಥಿ ಡಾಲಿ ಆದಳು, ಹ್ಯಾರಿ ಹ್ಯಾಲ್ ಆದ. ನಮ್ಮಲ್ಲಿ ಶ್ರೀನಿವಾಸ ಸೀನ ಆಗಿ, ಕೃಷ್ಣ ಕಿಟ್ಟಿ ಆಗಿ ಬೆಳೆಯುವುದನ್ನು ನೋಡಿದವಳಿಗೆ ಇದು ಹೊಸದೇನಲ್ಲ.

ಮೊದಲಕ್ಷರ ಬದಲಿಸಿ ಪ್ರಾಸ ಕಟ್ಟುವುದು ಇಂಗ್ಲಿಷರಿಗೆ ಬಹಳ ಹಳೆಯ ಅಭ್ಯಾಸ. ರಿಚರ್ಡ್ ಮೊದಲು ರಿಕ್, ಅದರಿಂದ ಡಿಕ್, ಹಿಕ್. ರಾಬರ್ಟ್ ಮೊದಲು ರಾಬ್, ಅದರಿಂದ ಹಾಬ್, ಡಾಬ್, ಬಾಬ್. ಮಾರ್ಗರೆಟ್ ಮೊದಲು ಮೆಗ್, ಅದರಿಂದ ಪೆಗ್, ಹಾಗಾಗಿ ಪೆಗ್ಗಿ ಅಂದ್ರೆ ಮಾರ್ಗರೆಟ್. ಹಾಬ್‌ಸನ್, ಡಾಬ್‌ಸನ್, ಡಿಕ್ಸನ್, ಹಿಕ್ಸ್ ಅಂತ ಮನೆತನದ ಹೆಸರುಗಳಿವೆಯಲ್ಲ, ಅವುಗಳೊಳಗೆ ಕೂತಿರುವುದು ಇವೇ ಕರೆಯೋ ಹೆಸರುಗಳು. 1381ರ ರೈತರ ದಂಗೆಯ ಮುಂದಾಳು ವಾಟ್ ಟೈಲರ್‌ನ ವಾಟ್ ಅಂದ್ರೆ ವಾಲ್ಟರ್. ವಾಟ್ಸನ್ ಅಂದ್ರೆ ವಾಟ್‌ನ ಮಗ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನೆಡ್. ಸ್ವರದಿಂದ ಶುರುವಾಗುವ ಹೆಸರಿಗೆ ಹಿಂದಿನವರು 'ನನ್ನ' ಅನ್ನಲು 'ಮೈನ್' ಸೇರಿಸುತ್ತಿದ್ದರು. ಎಡ್ವರ್ಡ್‌ನನ್ನು 'ಮೈನ್ ಎಡ್' ಅಂತ ಕರೆದೂ ಕರೆದೂ ಅದು 'ಮೈ ನೆಡ್' ಆಯಿತು. ಎಲೆನರ್ ನೆಲ್ ಆದದ್ದು, ಆ್ಯನ್ ನ್ಯಾನ್ ಆದದ್ದು ಹೀಗೇ. ಅಂದ್ರೆ ಆ ಒಂದು 'ನ'ಕಾರದಲ್ಲಿ ಯಾವುದೋ ಅಮ್ಮ 'ನನ್ನ ಕಂದ' ಅಂದದ್ದು ಹಾಗೇ ಉಳಿದಿದೆ. ಎರಡನೇ ಚಾರ್ಲ್ಸ್ ರಾಜನ ಕಾಲದ ನಟಿ ನೆಲ್ ಗ್ವಿನ್ ಕೂಡ ಎಲೆನರ್ ಅನ್ನುವವಳೇ.

ಇಷ್ಟೊಂದು ಕರೆಯೋ ಹೆಸರು ಯಾಕೆ ಬೇಕಿತ್ತು ಅಂತ ರಿಜಿಸ್ಟರು ನೋಡಿದವರಿಗೆ ಬೇಗ ಗೊತ್ತಾಗುತ್ತದೆ. ಪುಟ ತಿರುವಿದರೆ ಜಾನ್, ವಿಲಿಯಂ, ಥಾಮಸ್. ಹೆಂಗಸರಲ್ಲಿ ಮೇರಿ, ಎಲಿಜಬೆತ್, ಆ್ಯನ್. ಅಪ್ಪನೂ ಜಾನ್, ಮಗನೂ ಜಾನ್. ಅಂಗಳದಲ್ಲಿ ನಿಂತು ಜಾನ್ ಅಂತ ಕೂಗಿದರೆ ಯಾರು ಬರಬೇಕು? ಹಾಗಾಗಿ ಒಬ್ಬ ಜ್ಯಾಕ್ ಆಗುತ್ತಿದ್ದ.

ಹೊಸಬರು ಎಡವುವುದು ಇವತ್ತಿನ ಅರ್ಥವನ್ನು ಹಿಂದಕ್ಕೆ ಒಯ್ದಾಗ. ಪ್ಯಾಟಿ ಅಂದ ತಕ್ಷಣ ಪೆಟ್ರೀಷಿಯಾ ಅನಿಸುತ್ತದೆ, ಆದರೆ 18ನೇ ಶತಮಾನದ ಹಳ್ಳಿಯಲ್ಲಿ ಆಕೆ ಮಾರ್ಥಾ ಆಗಿರುವುದೇ ಜಾಸ್ತಿ. ಜೆನ್ನಿ ಅಂದ್ರೆ ಜೆನ್ನಿಫರ್ ಅಲ್ಲ, ಜೇನ್. ಕಿಟ್ ಕ್ರಿಸ್ಟೋಫರ್ ಆಗಿರಬಹುದು, ಕ್ಯಾಥರಿನ್ ಕೂಡ ಆಗಿರಬಹುದು. ಜೆ, ಎನ್, ಒ ಅಂತ ಮೂರೇ ಅಕ್ಷರ ಬರೆದಿದ್ದರೆ ಅದು ಜೊನಾಥನ್ ಅಲ್ಲ, ಜಾನ್.

ಈಗ ನಾನು ಮಾಡುವುದು ಇಷ್ಟು. ಪುಟದಲ್ಲಿ ಪಾಲಿ ಅಂತಿದ್ದರೆ ಪಾಲಿ ಅಂತಲೇ ಟೈಪ್ ಮಾಡುತ್ತೇನೆ. ಮೇರಿ ಅಂತ ತಿದ್ದುವುದಿಲ್ಲ, ಯಾಕಂದ್ರೆ ಊರಿನವರು ಆಕೆಯನ್ನು ಕರೆದ ದನಿ ಅದೊಂದೇ ಉಳಿದಿರುವುದು. ಮೇರಿ ಇರಬಹುದು ಅನ್ನುವುದನ್ನು ನನ್ನ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತೇನೆ. ಹೆಸರು ಹೊಂದಿತು ಅಂತ ಸುಮ್ನೆ ಒಪ್ಪಿಕೊಳ್ಳುವುದಿಲ್ಲ. ಗಂಡನ ಹೆಸರು, ಮಕ್ಕಳ ನಡುವಿನ ಅಂತರ, ನಡುವೆ ಸಮಾಧಿ ಅಥವಾ ಮದುವೆ ಇದೆಯಾ, ಕೈಬರಹ ಬದಲಾಗಿದೆಯಾ, ಎಲ್ಲ ನೋಡುತ್ತೇನೆ. 1813ರಿಂದ ಅಚ್ಚಾದ ಫಾರಂ ಬಂತು, ಸಮಾಧಿಯ ನಮೂದಿನಲ್ಲಿ ವಯಸ್ಸೂ ಇರುತ್ತದೆ. ಅದು ದೊಡ್ಡ ಸಹಾಯ. ನನ್ನ ಮೇರಿ ಸಿಕ್ಕಿದ್ದು ಅಲ್ಲೇ: 1829, ವಿಲಿಯಂನ ಹೆಂಡತಿ, ವಯಸ್ಸು 62. ಲೆಕ್ಕ ಹಾಕಿ ಹಿಂದಕ್ಕೆ ಹೋದೆ. ಅದೇ ಚರ್ಚಿನಲ್ಲಿ 1767ರಲ್ಲಿ ಒಂದು ಹೆಣ್ಣುಮಗುವಿನ ದೀಕ್ಷಾಸ್ನಾನ ಆಗಿತ್ತು. ಹೆಸರು ಮೇರಿ, ಅಪ್ಪನ ಮನೆತನವೂ ಮದುವೆಯ ಪುಟದಲ್ಲಿದ್ದದ್ದೇ.

ಈ ವಾರ ಪಕ್ಕದ ಹಳ್ಳಿಯ ಪುಟಗಳನ್ನು ತೆಗೆದಿದ್ದೇನೆ. 1772ರಲ್ಲಿ ಒಬ್ಬಳು ಪ್ಯಾಟಿಯ ಸಮಾಧಿ ಇದೆ. ಮಾರ್ಥಾಳನ್ನು ಹುಡುಕುತ್ತಿದ್ದೇನೆ.